ಸಾಫ್ ಚಿತ್ರದೊಳಗಿನ ತುಂಡುಗೆರೆ

ಮದುವೆ ಮನೆಗಳಲ್ಲಿ ಯಾರಾದರೂ ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರೆ, ನಕ್ಷೆಗಳ ಚಿತ್ರ ತೆಗೆಯುತ್ತಿದ್ದೆ ಎನ್ನುತ್ತೇನೆ. ಕೇಳಿದವರು ಹೌದೇ ಎಂದು ತಲೆಯಾಡಿಸಿ, ಊಟದ ಪಂಕ್ತಿ ಎದ್ದಿತೇ ಎಂದು ಆ ಕಡೆ ತಿರುಗುತ್ತಾರೆ. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಈಗ ಆ ಕೆಲಸಕ್ಕೆ ಸೇರುತ್ತಿರುವವರೂ ಹಾಗೇ ಅಂದುಕೊಂಡಿದ್ದಾರೆ ಎಂದು ತಿಳಿದಾಗ ಸಿಟ್ಟು ಬಂತು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್‌ನಲ್ಲಿ ಬರೆದದ್ದು ಕಣ್ಣೆದುರಿಗೇ ಇರುತ್ತದೆ, ಎಕ್ಸ್‌ಪೋರ್ಟ್ ಎಂಬಲ್ಲಿ ಒತ್ತಿದರೆ ಚಿತ್ರ ಬಂದುಬಿಡುತ್ತದೆ, ಅದರಲ್ಲಿ ಕಲಿಯುವುದೇನಿದೆ ಎಂದು ನನ್ನ ತಂಗಿಯ ಸೊಸೆ ನನ್ನನ್ನೇ ಕೇಳಿದಳು. ಅವಳು ಅಂಥದೇ ಒಂದು ಕಂಪನಿಗೆ ಸೇರಿ ಇನ್ನೂ ವಾರವಾಗಿರಲಿಲ್ಲ. ಅವಳಿಗೆ ಬಾಯಲ್ಲಿ ಹೇಳಲು ಕೂತದ್ದು ಉದ್ದವಾಯಿತು. ಬರೆದೇ ಬಿಡೋಣ ಎಂದು ಬರೆದಿದ್ದೇನೆ.

ನಾನು ರಾಯಚೂರಿನವಳು. ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮಾಡಿದೆ. ಸರ್ಟಿಫಿಕೇಟಿನಲ್ಲಿ ನಾನು ಇವತ್ತಿಗೂ ಮ್ಯಾನೇ. ಯಜಮಾನರಿಗೆ ಹೈದರಾಬಾದಿನಲ್ಲಿ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನೌಕರಿ, ಹಾಗಾಗಿ ಮದುವೆಯಾದ ಮೇಲೆ ನನ್ನ ಊರೂ ಹೈದರಾಬಾದೇ ಆಯಿತು. ಕ್ವಾರ್ಟರ್ಸಿನಲ್ಲಿ ಧಾರವಾಡದಿಂದ ಹಿಡಿದು ಕೋಲಾರದವರೆಗೆ ಎಲ್ಲ ಕಡೆಯ ಕನ್ನಡದವರಿದ್ದರು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಯಾವ ಭಾಷೆಯಲ್ಲಿ ಶುರು ಮಾಡಿದ ಮಾತು ಯಾವುದರಲ್ಲಿ ಮುಗಿಯುತ್ತಿತ್ತೋ ನಮಗೇ ಗೊತ್ತಾಗುತ್ತಿರಲಿಲ್ಲ. ಈ ವಿಷಯವನ್ನು ಸುಮ್ಮನೆ ಹೇಳುತ್ತಿಲ್ಲ. ನನ್ನ ಕೆಲಸದ ಬದುಕಿನಲ್ಲಿ ನಡೆದ ಅತಿ ದೊಡ್ಡ ಎಡವಟ್ಟು ಈ ಕಲಬೆರಕೆಯಿಂದಲೇ ಹುಟ್ಟಿದ್ದು.

ಮೊದಲು ಸೇರಿದ್ದು ನಾಚಾರಂನ ಒಂದು ಪಂಪ್ ಕಾರ್ಖಾನೆಗೆ, ಟ್ರೇಸರ್ ಆಗಿ. ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ ಮಸಿಯಲ್ಲಿ ತಿದ್ದುವುದು ಕೆಲಸ. ಯಂತ್ರದ ಹೊರಗೆರೆಗೆ ದಪ್ಪ ಪೆನ್ನು, ಅಳತೆ ತೋರಿಸುವ ಗೆರೆಗೆ ತೆಳು ಪೆನ್ನು. ಮುಚ್ಚಳದ ಒಳಗೋ ಗೋಡೆಯ ಹಿಂದೋ ಇದ್ದು ಹೊರಗಿನಿಂದ ಕಾಣದ ಭಾಗವಿದ್ದರೆ ಅದಕ್ಕೆ ತುಂಡು ತುಂಡಾದ ಗೆರೆ. ನಾವು ಅದನ್ನು ತುಂಡುಗೆರೆ ಎನ್ನುತ್ತಿದ್ದೆವು. ಕಣ್ಣಿಗೆ ಕಾಣದಿದ್ದರೂ ಇಲ್ಲೊಂದು ವಸ್ತು ಇದೆ ಎಂದು ಹೇಳುವುದು ಅದರ ಕೆಲಸ. ಮೈಗಳ್ಳ ಟ್ರೇಸರುಗಳಿಗೆ ಈ ಗೆರೆ ಎಂದರೆ ಆಗದು, ಏಕೆಂದರೆ ಪ್ರತಿ ತುಂಡಿಗೂ ಪೆನ್ನು ಎತ್ತಬೇಕು.

ಅಲ್ಲಿನ ಚೀಫ್ ಕುಲಕರ್ಣಿ ಸಾಹೇಬರು ಧಾರವಾಡದವರು. ನಕ್ಷೆ ಮುಗಿಯಿತು ಎಂದು ಒಯ್ದರೆ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ನೆಲಕ್ಕೆ ಹಾಸಲು ಹೇಳುತ್ತಿದ್ದರು. ಹಾಸಿದ ಮೇಲೆ ಕೈಕಟ್ಟಿ ನಿಂತು ಮೇಲಿನಿಂದ ನೋಡುತ್ತಿದ್ದರು. ನಿಂತಲ್ಲಿಂದ ಓದಲು ಬಾರದ ಗೆರೆ ಸಿಕ್ಕರೆ ಅದನ್ನು ಬೂಟಿನ ತುದಿಯಿಂದ ತೋರಿಸುತ್ತಿದ್ದರು. ಮೂರು ದಿನ ಕೂತು ತಿದ್ದಿದ ಹಾಳೆಯ ಹತ್ತಿರ ಬೂಟು ಬಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ತಡೆಯಲಾಗದೆ ಮೇಜಿನ ಮೇಲೆ ನೋಡಬಾರದೇ ಎಂದು ಕೇಳಿಯೇಬಿಟ್ಟೆ.

“ಫಿಟ್ಟರನ ಎರಡೂ ಕೈಯಾಗ ಪಾನಾ, ಸ್ಪ್ಯಾನರ್ ಇರ್ತಾವ್ರಿ ಬಾಯಾರ,” ಎಂದರು ಅವರು. “ನಕ್ಷೆ ನೆಲದ ಮ್ಯಾಲೆ ಬಿದ್ದಿರತೈತಿ. ಅವ ಹೆಂಗ ನೋಡ್ತಾನ, ಹಂಗ ನಾ ನೋಡಾಕತ್ತೀನಿ.”

ಅದು ಸರಿ ಎಂದು ಅನಿಸಿದ ಮೇಲೆ ನಾನೂ ಹಾಗೇ ನೋಡಲು ಶುರು ಮಾಡಿದೆ. ಆಮೇಲೆ ನನ್ನ ಕೈಕೆಳಗೆ ಬಂದವರೆಲ್ಲ ನನ್ನನ್ನು ಹಿಂದಿನಿಂದ ಬೈದುಕೊಂಡದ್ದು ಇದಕ್ಕೇ.

ಮುಂದೆ ಕಾರ್ಖಾನೆಗೆ ಕಂಪ್ಯೂಟರ್ ಬಂತು. ತೆರೆ ಕಪ್ಪು, ಗೆರೆಗಳು ಕೆಂಪು, ಹಳದಿ, ಹಸಿರು. ನೋಡಲು ಬಂದ ಲೆಕ್ಕಪತ್ರದವರು ಎಷ್ಟು ಚಂದ ಎಂದರು. ಬಣ್ಣ ಇದ್ದದ್ದು ಚಂದಕ್ಕಲ್ಲ. ಕೆಂಪು ಎಂದರೆ ತೆಳು ಪೆನ್ನು, ಹಳದಿ ಎಂದರೆ ದಪ್ಪ ಪೆನ್ನು ಎಂದು ನಕ್ಷೆ ಮುದ್ರಿಸುವ ಯಂತ್ರಕ್ಕೆ ಹೇಳುವ ಸಂಕೇತ ಅದು. ಒಂದೊಂದು ಕಚೇರಿಯದು ಒಂದೊಂದು ಸಂಕೇತ. ನಮ್ಮ ಹಳದಿ ಪಕ್ಕದ ಕಾರ್ಖಾನೆಯವರಿಗೆ ತೆಳು ಗೆರೆಯಾಗಿತ್ತು, ಹಾಗಾಗಿ ಅವರಿಂದ ಬಂದ ನಕ್ಷೆ ನಮ್ಮಲ್ಲಿ ಮುದ್ರಿಸಿದರೆ ಅಳತೆಯ ಗೆರೆಗಳೆಲ್ಲ ಮೈದುಂಬಿ ಪಂಪನ್ನೇ ನುಂಗಿಹಾಕುತ್ತಿದ್ದವು.

ಆ ದಿನಗಳಲ್ಲೇ ಮಾರಾಟ ವಿಭಾಗದವರಿಗೆ ಒಂದು ಜಾಹೀರಾತು ಪುಸ್ತಿಕೆ ಬೇಕಾಯಿತು. ಅವರಲ್ಲೊಬ್ಬ ಬುದ್ಧಿವಂತ ನಮ್ಮನ್ನು ಕೇಳದೆ ತೆರೆಯ ಮೇಲಿದ್ದದ್ದನ್ನು ಇದ್ದ ಹಾಗೇ ಚಿತ್ರ ಮಾಡಿಕೊಂಡು, ಬೇಗಂ ಬಜಾರಿನ ಹತ್ತಿರದ ಒಂದು ಛಾಪಖಾನೆಗೆ ಕೊಟ್ಟ. ಪುಟವೆಲ್ಲ ಕಪ್ಪು, ನಡುವೆ ಬಣ್ಣದ ಎಳೆಗಳು. ಅವನು ಬೇಡಿಕೊಂಡ ಎಂದು ನಾನೂ ಅವನ ಜೊತೆ ಅಲ್ಲಿಗೆ ಹೋದೆ. ಛಾಪಖಾನೆಯ ಮುದುಕ ಮಾಲೀಕರು ಆ ಹಾಳೆಯನ್ನು ಬೆಳಕಿಗೆ ಹಿಡಿದು, ಗಂಭೀರವಾಗಿ, “ಬಾಜೀ, ಯೇ ರಾತ್ ಕಾ ಫೋಟೋ ಹೈ ಕ್ಯಾ?” ಎಂದು, ಇದು ರಾತ್ರಿ ತೆಗೆದ ಫೋಟೋ ಏನಮ್ಮ ಎಂಬಂತೆ, ಕೇಳಿದರು. ಹಿನ್ನೆಲೆಯನ್ನು ಬಿಳಿ ಮಾಡಿ ಇನ್ನೊಂದು ಪ್ರತಿ ತೆಗೆಸಿದರು. ಬಿಳಿಯ ಮೇಲೆ ಹಳದಿ ಎಲ್ಲಿ ಕಂಡೀತು? ಹಸಿರಿನಲ್ಲಿದ್ದ ಪಂಪಿನ ಮೈ ಇತ್ತು, ಹಳದಿಯಲ್ಲಿದ್ದ ತಿರುಗುವ ಶಾಫ್ಟು ಮಾಯವಾಗಿತ್ತು. ಮಾರಾಟದವನು ಮೂಗು ಮುರಿದ, ಯಾರು ಶಾಫ್ಟು ನೋಡಿ ಪಂಪು ಕೊಳ್ಳುತ್ತಾರೆ ಎಂದ. ನಾನು ಆ ಹಾಳೆ ಕಿತ್ತುಕೊಂಡು ಬಂದೆ.

ಅಲ್ಲಿಂದ ನಾನೇ ಕೂತು ದಾರಿ ಕಂಡುಕೊಂಡೆ. ಬಣ್ಣಗಳೆಲ್ಲ ಕಪ್ಪಾಗಬೇಕು, ಆದರೆ ಪ್ರತಿ ಬಣ್ಣದ ಹಿಂದಿನ ದಪ್ಪ ಉಳಿಯಬೇಕು. ತೆರೆಯ ಫೋಟೋ ತೆಗೆಯಬಾರದು, ನಕ್ಷೆಯನ್ನೇ ಹಾಳೆಗೆ ಮುದ್ರಿಸುವಂತೆ ಕಡತಕ್ಕೆ ಮುದ್ರಿಸಬೇಕು. ಮುಖದ ಫೋಟೋಕ್ಕೆ ಬಳಸುವ ಜೆಪೆಗ್ ಎಂಬ ಬಗೆಯನ್ನು ಗೆರೆಚಿತ್ರಕ್ಕೆ ಬಳಸಬಾರದು. ಅದು ಗೆರೆಯ ಸುತ್ತ ನೊಣ ಕೂತಂತೆ ಕಲೆ ಬಿಡುತ್ತದೆ. ಎಲ್ಲಕ್ಕಿಂತ ಮೊದಲು, ಆ ಚಿತ್ರ ಪುಸ್ತಕದಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೆ ಎಂದು ಕೇಳಿಕೊಳ್ಳಬೇಕು. ಗೋಡೆಯಷ್ಟು ದೊಡ್ಡ ನಕ್ಷೆಯನ್ನು ಅಂಗೈಯಗಲಕ್ಕೆ ಕುಗ್ಗಿಸಿದರೆ ತೆಳು ಗೆರೆ ಆವಿಯಾಗುತ್ತದೆ, ತುಂಡುಗೆರೆಯ ತುಂಡುಗಳು ಧೂಳಿನ ಕಣಗಳಾಗುತ್ತವೆ. ಕುಗ್ಗಿಸುವ ಲೆಕ್ಕಕ್ಕೆ ತಕ್ಕಂತೆ ತುಂಡುಗಳನ್ನು ಮೊದಲೇ ದೊಡ್ಡದು ಮಾಡಿಟ್ಟುಕೊಳ್ಳಬೇಕು. ಇವನ್ನೆಲ್ಲ ಯಾರೂ ನನಗೆ ಹೇಳಿಕೊಡಲಿಲ್ಲ, ಕೆಟ್ಟು ಬಂದ ಹಾಳೆಗಳೇ ಹೇಳಿಕೊಟ್ಟವು. ಈ ವಿಷಯದಲ್ಲಿ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಐಟಿ ಎಂಬುದು ಊರನ್ನೆಲ್ಲ ಗಚ್ಚಿಬೌಲಿಯ ಕಡೆಗೆ ಎಳೆಯತೊಡಗಿತ್ತು. ಹೊರದೇಶದ ಯಂತ್ರಗಳಿಗೆ ಕೈಪಿಡಿ ಮಾಡಿಕೊಡುವ ಒಂದು ಕಂಪನಿ ಅಲ್ಲಿ ಶುರುವಾಯಿತು. ಅವರ ಹತ್ತಿರ ಇಂಗ್ಲಿಷ್ ಬರೆಯುವವರು ಬೇಕಾದಷ್ಟಿದ್ದರು, ನಕ್ಷೆ ಓದಬಲ್ಲವರಿರಲಿಲ್ಲ. ನಾನು ಹೋದೆ. ಅಲ್ಲಿ ನನಗೆ ಸಿಕ್ಕ ಹುದ್ದೆಗಳ ಹೆಸರುಗಳು ಒಂದಕ್ಕಿಂತ ಒಂದು ಉದ್ದ, ಅವನ್ನು ಬಿಡೋಣ. ಸೀರೆಯ ಮೇಲೆ ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡು, ಕ್ಯಾಬಿನಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೆ. ಆ ಟ್ರಾಫಿಕ್ಕಿನಲ್ಲಿ ಎಷ್ಟು ಸ್ವೆಟರ್ ಹೆಣೆದೆನೆಂದರೆ ಹೈದರಾಬಾದಿನ ಚಳಿ ಸಾಲದಾಯಿತು.

ಅಲ್ಲಿನ ಎಡವಟ್ಟುಗಳು ಬೇರೆ ಬಗೆಯವು. ಒಬ್ಬ ಇಂಜಿನಿಯರ್ ಚಿತ್ರವನ್ನು ಪುಟದ ಜಾಗಕ್ಕೆ ಹೊಂದಿಸಲೆಂದು ಅಡ್ಡಕ್ಕೆ ಎಳೆದ. ಕೊಳವೆ ಜೋಡಿಸುವ ದುಂಡಗಿನ ಫ್ಲ್ಯಾಂಜು ಮೊಟ್ಟೆಯಾಯಿತು. ಗ್ರಾಹಕರು ಇದು ಹೊಸ ವಿನ್ಯಾಸವೇ ಎಂದು ಬಹಳ ವಿನಯದಿಂದ ಕೇಳಿದರು. ಅವನು ಮೊಟ್ಟೆ ಎಂಬ ಹೆಸರನ್ನು ಆ ಕಂಪನಿ ಬಿಡುವವರೆಗೂ ಹೊತ್ತುಕೊಂಡಿದ್ದ. ಬೇಜಾರು ಮಾಡಿಕೊಳ್ಳಲಿಲ್ಲ, ಒಳ್ಳೆಯ ಮನುಷ್ಯ.

ಈಗ ಲೇಯರ್ ಎಂದರೇನು ಎಂದು ಹೇಳಬೇಕು. ಕ್ಯಾಡ್ ನಕ್ಷೆ ಒಂದೇ ಹಾಳೆಯಲ್ಲ, ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳು. ಒಂದರಲ್ಲಿ ಯಂತ್ರದ ಹೊರಗೆರೆ, ಇನ್ನೊಂದರಲ್ಲಿ ಅಳತೆ, ಮತ್ತೊಂದರಲ್ಲಿ ಟಿಪ್ಪಣಿ. ಪ್ರತಿಯೊಂದಕ್ಕೂ ನಾವು ಇಟ್ಟ ಹೆಸರು. ಬೇಡವಾದದ್ದನ್ನು ಆಫ್ ಮಾಡಿದರೆ ಆ ಹಾಳೆಯಲ್ಲಿದ್ದದ್ದು ಕಾಣುವುದಿಲ್ಲ. ಕೈಪಿಡಿಯ ಚಿತ್ರಕ್ಕೆ ಅಳತೆ ಬೇಡ, ಟಿಪ್ಪಣಿ ಬೇಡ, ಮೂಲೆಯಲ್ಲಿರುವ ಕಂಪನಿಯ ಚೌಕವೂ ಬೇಡ. ಆದ್ದರಿಂದ ಚಿತ್ರ ತೆಗೆಯುವವರ ಕೆಲಸದ ಅರ್ಧ ಭಾಗ ತೆಗೆದುಹಾಕುವುದೇ. ಏನನ್ನು ತೆಗೆಯಬೇಕು ಎಂಬುದರಲ್ಲಿ ಅವರ ಬುದ್ಧಿ ಇರುತ್ತದೆ.

ನನ್ನ ಜೊತೆ ಈ ಕೆಲಸ ಮಾಡುತ್ತಿದ್ದ ಮೈನುದ್ದೀನ್ ಲಿಂಗಸುಗೂರಿನ ಕಡೆಯವನು. ಅವನ ತಂದೆ ಕಟ್ಟಡದ ಕೂಲಿಗೆಂದು ಹೈದರಾಬಾದಿಗೆ ಬಂದವರು, ಇಲ್ಲೇ ನೆಲೆ ನಿಂತರು. ಮಗ ಡಿಪ್ಲೊಮಾ ಮಾಡಿ ನಾಚಾರಂನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನಾನು ಗಚ್ಚಿಬೌಲಿಗೆ ಹೋದ ಮೇಲೆ ಇವನನ್ನು ತೆಗೆದುಕೊಳ್ಳಿ ಎಂದು ನಾನೇ ಹೇಳಿ ಕರೆಸಿಕೊಂಡೆ. ಖಾಯಂ ಮಾಡಿರಲಿಲ್ಲ. ಮೊದಲ ದೊಡ್ಡ ಕೆಲಸ ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು. ಆ ಮಾತನ್ನು ನಂಬಿ ಅವನು ನಾಚಾರಂನ ಕೆಲಸ ಬಿಟ್ಟು ಬಂದಿದ್ದ. ಮನೆಯಲ್ಲಿ ಹೆಂಡತಿ ಬಸುರಿ.

ಆ ಮೊದಲ ದೊಡ್ಡ ಕೆಲಸ ಉತ್ತರ ಯುರೋಪಿನ ಒಂದು ಕಂಪನಿಯದು. ಭಾರ ಎತ್ತುವ ಹೊಯ್‌ಸ್ಟ್ ಯಂತ್ರಗಳನ್ನು ಮಾಡುವವರು. ಒಂದು ಕೈಪಿಡಿಯನ್ನು ಪರೀಕ್ಷೆಗೆಂದು ಕೊಟ್ಟಿದ್ದರು. ಅದು ಹಿಡಿಸಿದರೆ ಅವರ ಎಲ್ಲ ಕೈಪಿಡಿಗಳೂ ನಮಗೆ. ಹಿಡಿಸದಿದ್ದರೆ ನಮ್ಮ ಸೆಕ್ಷನ್ ಇರುವುದೇ ಅನುಮಾನವಾಗಿತ್ತು. ಅವರ ಕಡೆಯಿಂದ ಇಂಗ್ರಿಡ್ ಎಂಬ ಇಂಜಿನಿಯರ್ ಹೆಂಗಸು ನಮ್ಮೊಂದಿಗೆ ಮಾತಾಡುತ್ತಿದ್ದರು. ಚಿತ್ರಗಳು ಕ್ಲೀನ್ ಆಗಿರಬೇಕು ಎಂಬುದು ಅವರು ಹಾಕಿದ ಮೊದಲ ಷರತ್ತು.

ನಮ್ಮ ಮ್ಯಾನೇಜರ್ ಪ್ರಸಾದ್ ತೆಲುಗಿನವರು, ಸೆಕ್ಷನ್‌ನಲ್ಲಿ ಎಲ್ಲರಿಗೂ ತಿಳಿಯಲಿ ಎಂದು ಹೈದರಾಬಾದಿ ಹಿಂದಿಯಲ್ಲಿ ಮಾತಾಡುತ್ತಿದ್ದರು. ಇಂಗ್ರಿಡ್ ಹೇಳಿದ್ದನ್ನು ಅವರು ನಮಗೆ ಒಂದೇ ಮಾತಿನಲ್ಲಿ ದಾಟಿಸಿದರು: ಚಿತ್ರ ಎಲ್ಲ ಸಾಫ್ ಆಗಬೇಕು. ಸಾಫ್ ಎಂಬುದು ನಮಗೇನು ಹೊಸ ಮಾತಲ್ಲ. ನಮ್ಮ ಕಡೆ ಅಂಗಳ ಸಾಫ್ ಮಾಡು ಎಂದರೆ ಕಸ ಗುಡಿಸು ಎಂದು. ಸಾಫ್ ಹೇಳು ಎಂದರೆ ಬಿಡಿಸಿ, ಸ್ಪಷ್ಟವಾಗಿ ಹೇಳು ಎಂದು. ಗಡಿಗೆಯಲ್ಲಿದ್ದದ್ದೆಲ್ಲ ಸಾಫ್ ಆಯಿತು ಎಂದರೆ ಏನೂ ಉಳಿಯಲಿಲ್ಲ ಎಂದು. ಇಂಗ್ರಿಡ್‌ಗೆ ಬೇಕಾದದ್ದು ಎರಡನೆಯದು. ಪ್ರಸಾದರ ಬಾಯಿಂದ ಬರುವಾಗ ಮಾತು ಒಂದೇ ಆಗಿತ್ತು, ಕೇಳಿದವರು ತಮಗೆ ತೋಚಿದ ಅರ್ಥ ಇಟ್ಟುಕೊಂಡರು.

ಕೆಲಸ ಮುಗಿಸಿ ಕಳಿಸಿದೆವು. ಗಡುವಿನ ಅವಸರದಲ್ಲಿ ನಾನು ಚಿತ್ರಗಳನ್ನು ತೆರೆಯ ಮೇಲಷ್ಟೇ ನೋಡಿದ್ದೆ. ಕೆಲವು ದಿನಗಳಲ್ಲಿ ಮೆಚ್ಚುಗೆ ಬಂತು. ಇಷ್ಟು ಶುಭ್ರವಾದ ಚಿತ್ರಗಳನ್ನು ತಾವು ನೋಡಿಲ್ಲ ಎಂದು ಇಂಗ್ರಿಡ್ ಬರೆದಿದ್ದರು. ಪ್ರಸಾದ್ ಅದನ್ನು ಎಲ್ಲರೆದುರು ಓದಿದರು, ಚಹಾದ ಜೊತೆ ಉಸ್ಮಾನಿಯಾ ಬಿಸ್ಕತ್ತು ಹಂಚಿದರು. ದೊಡ್ಡ ಒಪ್ಪಂದಕ್ಕೆ ಸಹಿ ಮುಂದಿನ ವಾರ ಎಂದಾಯಿತು. ಹೆಚ್ಚಿನ ಚಿತ್ರಗಳನ್ನು ತೆಗೆದವನು ಮೈನುದ್ದೀನ್. ಅವನು ಮನೆಗೆ ಫೋನು ಮಾಡಿ ನೌಕರಿ ಗಟ್ಟಿಯಾಯಿತು ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು.

ಅದೇ ವಾರ ಅಚ್ಚಾದ ಕೈಪಿಡಿಯ ಒಂದು ಪ್ರತಿ ನಮಗೆ ಉಡುಗೊರೆಯಾಗಿ ಬಂತು. ಎಲ್ಲರೂ ಮುಟ್ಟಿ ನೋಡಿ ಖುಷಿಪಟ್ಟ ಮೇಲೆ ನಾನು ಅದನ್ನು ನೆಲದ ಮೇಲಿಟ್ಟು, ಪುಟ ತಿರುವಿ, ಪ್ರತಿ ಚಿತ್ರವನ್ನೂ ನಿಂತು ನೋಡಿದೆ. ನನ್ನ ಈ ಚಾಳಿ ಕಂಡು ಪಕ್ಕದ ಸೆಕ್ಷನ್‌ನವರು ನಕ್ಕರು. ಬ್ರೇಕಿನ ಚಿತ್ರ ಬಂತು. ಮುಚ್ಚಳ, ಬೋಲ್ಟುಗಳು, ಒಂದೊಂದು ಭಾಗಕ್ಕೂ ಬಾಣ, ಬಾಣದ ಹಿಂದೆ ಸಂಖ್ಯೆ. ಎಲ್ಲ ಬಾಣಗಳೂ ಒಂದಲ್ಲ ಒಂದು ವಸ್ತುವನ್ನು ಮುಟ್ಟುತ್ತಿದ್ದವು. ಒಂದು ಬಾಣ ಮಾತ್ರ ಮುಚ್ಚಳದ ನಡುವೆ ಹೋಗಿ ಖಾಲಿ ಬಿಳಿ ಜಾಗದಲ್ಲಿ ನಿಂತಿತ್ತು. ಎದುರಿನ ಪುಟದಲ್ಲಿ ಆ ಸಂಖ್ಯೆಯ ಹೆಸರು ನೋಡಿದೆ: ಸ್ಪ್ರಿಂಗ್.

ಮೂಲ ನಕ್ಷೆ ತೆರೆದೆ. ಮುಚ್ಚಳದ ಒಳಗೆ, ತುಂಡುಗೆರೆಯಲ್ಲಿ, ಬಿಗಿಯಾಗಿ ಒತ್ತಿ ಕೂರಿಸಿದ ದಪ್ಪ ಸ್ಪ್ರಿಂಗ್ ಇತ್ತು. ಅದಿರುವುದು ಗೊತ್ತಿದ್ದವನು ಆ ಮುಚ್ಚಳವನ್ನು ಪಕ್ಕದಲ್ಲಿ ನಿಂತು, ಸ್ವಲ್ಪ ಸ್ವಲ್ಪವೇ ಸಡಿಲಿಸಿ ಬಿಚ್ಚುತ್ತಾನೆ. ನಮ್ಮ ಚಿತ್ರ ನೋಡಿದವನಿಗೆ ಅದೊಂದು ಖಾಲಿ ಡಬ್ಬಿ. ಅವನು ಮುಂದೆ ಬಗ್ಗಿ ಬೋಲ್ಟುಗಳನ್ನು ಬಿಚ್ಚುತ್ತಾನೆ, ಮುಚ್ಚಳ ಸಿಡಿದು ಮುಖಕ್ಕೋ ಕೈಗೋ ಬಡಿಯುತ್ತದೆ.

ಮೈನುದ್ದೀನನನ್ನು ಕರೆದು ತೋರಿಸಿದೆ. ಅವನು ತಡವರಿಸಲಿಲ್ಲ, ಸುಳ್ಳೂ ಹೇಳಲಿಲ್ಲ.

“ಸಣ್ಣದು ಮಾಡಿದ ಕೂಡ್ಲೆ ಅದು ಧೂಳಿನಂಗ ಕಾಣಾಕತ್ತಿತ್ರಿ ಬಾಯಾರ,” ಎಂದ. “ಚಿತ್ರ ಸಾಫ್ ಆಗಬೇಕು ಅಂದಿದ್ರಲ್ಲ, ಅದಕ್ಕ ಆ ಲೇಯರ್ ಆಫ್ ಮಾಡೀನ್ರಿ.”

ಹೇಳುತ್ತಿದ್ದ ಹಾಗೇ ಅವನಿಗೆ ಅರ್ಥವಾಯಿತು. ಮುಖ ಇಳಿದುಹೋಯಿತು. ಅವನನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ. ಧೂಳಿನಂತೆ ಕಂಡದ್ದನ್ನು ಗುಡಿಸಿದ್ದ, ಸಾಫ್ ಎಂದರೆ ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವುದು ಅದನ್ನೇ. ಇಬ್ಬರೂ ಕೂತು ಉಳಿದ ಚಿತ್ರಗಳನ್ನೆಲ್ಲ ಮೂಲದೊಂದಿಗೆ ಹೋಲಿಸಿದೆವು. ಇನ್ನೂ ಕೆಲವು ಕಡೆ ತುಂಡುಗೆರೆ ಹೋಗಿತ್ತು, ಆದರೆ ಅವುಗಳಿಂದ ಯಾರಿಗೂ ಅಪಾಯವಿರಲಿಲ್ಲ. ಬ್ರೇಕಿನದು ಮಾತ್ರ ಬೇರೆ.

ಪ್ರಸಾದರಿಗೆ ಹೇಳಿದೆವು. ಅವರು ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ಒಂದು ಉಪಾಯ ಹೇಳಿದರು: ಸರಿಯಾದ ಚಿತ್ರವನ್ನು ಹಳೆಯದರ ಜಾಗದಲ್ಲಿ ಇಟ್ಟುಬಿಡೋಣ, ಸಣ್ಣ ಸುಧಾರಣೆ ಎಂದು ಬರೆಯೋಣ, ಮುಂದಿನ ಅಚ್ಚಿನಲ್ಲಿ ತಾನೇ ಸರಿಹೋಗುತ್ತದೆ. ಅವರು ಕೆಟ್ಟವರಲ್ಲ. ಸಹಿಗೆ ನಾಲ್ಕು ದಿನ ಇರುವಾಗ, ಸೆಕ್ಷನ್‌ನ ಅಷ್ಟೂ ಜನರ ಅನ್ನ ಕಣ್ಣೆದುರಿಗಿರುವಾಗ, ಬೇರೆ ಯಾರಾದರೂ ಅದನ್ನೇ ಹೇಳುತ್ತಿದ್ದರು. ಮೈನುದ್ದೀನ್ ನನ್ನ ಮುಖ ನೋಡುತ್ತಿದ್ದ. ನಾನು ಹೂಂ ಎಂದಿದ್ದರೆ ಅವನ ನೌಕರಿ ಉಳಿಯುತ್ತಿತ್ತು, ಅವನನ್ನು ಕರೆಸಿಕೊಂಡ ನನ್ನ ಮಾನವೂ ಉಳಿಯುತ್ತಿತ್ತು.

ಅಚ್ಚಾದ ಪುಸ್ತಕ ತಾನಾಗಿ ತಿದ್ದಿಕೊಳ್ಳುವುದಿಲ್ಲ ಎಂದು ನಾನು ಪ್ರಸಾದರಿಗೆ ಹೇಳಿದೆ. ಅದು ಈಗಾಗಲೇ ಯಾವುದೋ ಯಂತ್ರದ ಪಕ್ಕ, ಯಾರದೋ ಕಾಲ ಬಳಿ ಬಿದ್ದಿರುತ್ತದೆ. ಇಂದೇ ಫೋನು ಮಾಡಬೇಕು, ನೀವು ಮಾಡದಿದ್ದರೆ ನಾನು ಮಾಡುತ್ತೇನೆ ಎಂದೆ. ಅವರಿಗೆ ಸಿಟ್ಟು ಬಂತು. ನೀವು ನಿವೃತ್ತಿಗೆ ಹತ್ತಿರವಿದ್ದೀರಿ, ನಿಮಗೇನು, ಈ ಹುಡುಗನ ಗತಿಯೇನು ಎಂದರು. ಆ ಮಾತು ನನಗೆ ನಾಟಿತು. ಆದರೂ ನಾನು ಎದ್ದು ಮೈನುದ್ದೀನನ ಕಡೆ ತಿರುಗಿದೆ. ಅವನ ಕಣ್ಣಲ್ಲಿ ನೀರಿತ್ತು. “ಮಾಡ್ರಿ ಫೋನ್,” ಎಂದಷ್ಟೇ ಹೇಳಿದ.

ಫೋನಿನಲ್ಲಿ ನಾನೇ ಮಾತಾಡಿದೆ. ನನ್ನ ಇಂಗ್ಲಿಷ್ ರಾಯಚೂರಿನದು, ಆದರೆ ಸ್ಪ್ರಿಂಗ್ ಎಂಬ ಮಾತಿಗೆ ವ್ಯಾಕರಣ ಬೇಕಿಲ್ಲ. ಚಿತ್ರದಲ್ಲಿ ಸ್ಪ್ರಿಂಗ್ ಇಲ್ಲ, ಯಂತ್ರದಲ್ಲಿ ಇದೆ, ಯಾರೂ ಆ ಮುಚ್ಚಳ ಬಿಚ್ಚದಂತೆ ನೋಡಿಕೊಳ್ಳಿ ಎಂದೆ. ಮತ್ತೆ ಫೋನು ಮಾಡುತ್ತೇನೆ ಎಂದು ಇಂಗ್ರಿಡ್ ಇಟ್ಟುಬಿಟ್ಟರು. ಸಂಜೆಯೊಳಗೆ ನಮಗೆ ಕೊಟ್ಟಿದ್ದ ಉಳಿದ ಕೆಲಸವನ್ನೆಲ್ಲ ನಿಲ್ಲಿಸಿ ಎಂಬ ಸೂಚನೆ ಬಂತು. ಸಹಿ ಮುಂದೆ ಹೋಯಿತು.

ಆಮೇಲಿನ ದಿನಗಳು ಬಹಳ ಉದ್ದವಾಗಿದ್ದವು. ಕೆಲಸವಿಲ್ಲದೆ ಕಂಪ್ಯೂಟರಿನೆದುರು ಕೂರುವುದು ಎಂಥ ಶಿಕ್ಷೆ ಎಂದು ಆಗ ತಿಳಿಯಿತು. ಕ್ಯಾಂಟೀನಿನಲ್ಲಿ ನಮ್ಮ ಮೇಜಿಗೆ ಬರುವವರು ಕಡಿಮೆಯಾದರು. ಮೈನುದ್ದೀನ್ ತನ್ನ ಡ್ರಾಯರಿನಲ್ಲಿದ್ದ ಸ್ಕೇಲು, ಚಹಾದ ಲೋಟ ಎಲ್ಲ ಚೀಲಕ್ಕೆ ಹಾಕಿಟ್ಟುಕೊಂಡಿದ್ದ. ನಾಚಾರಂನಲ್ಲಿ ತನ್ನ ಹಳೆಯ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂದು ವಿಚಾರಿಸಿ ತಿಳಿದುಕೊಂಡಿದ್ದ. ನಾನು ತಪ್ಪು ಮಾಡಿದೆ ಎಂದು ಒಂದು ಕ್ಷಣವೂ ಅನಿಸಲಿಲ್ಲ. ಆದರೆ ಅವನ ಚೀಲ ನೋಡಿದಾಗಲೆಲ್ಲ ಊಟದ ಡಬ್ಬಿ ಮುಚ್ಚಿ ಪಕ್ಕಕ್ಕಿಡುತ್ತಿದ್ದೆ.

ಕೊನೆಗೆ ಇಂಗ್ರಿಡ್ ಫೋನು ಮಾಡಿದರು. ಪ್ರಸಾದ್, ನಾನು, ಮೈನುದ್ದೀನ್ ಮೂವರೂ ಮೀಟಿಂಗ್ ಕೋಣೆಯಲ್ಲಿ ಸ್ಪೀಕರಿನ ಸುತ್ತ ಕೂತಿದ್ದೆವು. ಪುಸ್ತಕಗಳನ್ನೆಲ್ಲ ಹಿಂದೆ ತರಿಸಿಕೊಂಡಿದ್ದಾರೆ. ಒಂದು ಕಡೆ ಮಾತ್ರ, ಬಂದರಿನ ಪಕ್ಕದ ಒಂದು ಗೋದಾಮಿನಲ್ಲಿ, ನಾವು ಫೋನು ಮಾಡಿದ ಮರುದಿನವೇ ಆ ಬ್ರೇಕ್ ಬಿಚ್ಚುವುದಿತ್ತಂತೆ. ಹೊಸ ಮೆಕ್ಯಾನಿಕ್, ಆ ಯಂತ್ರವನ್ನು ಮೊದಲು ಬಿಚ್ಚಿದವನಲ್ಲ. ನಮ್ಮ ಚಿತ್ರದ ಪುಟ ತೆರೆದಿಟ್ಟುಕೊಂಡಿದ್ದ. ಅವನಿಗೆ ಹೇಳಿ ತಡೆದರು. ಇಷ್ಟು ಹೇಳಿ ಇಂಗ್ರಿಡ್, ಆ ಗೆರೆಗಳನ್ನು ತೆಗೆದವರು ಯಾರು, ಏಕೆ ತೆಗೆದರು ಎಂದು ಕೇಳಿದರು.

ಪ್ರಸಾದ್ ಮೇಜು ನೋಡಿದರು. ಇದು ಸೆಕ್ಷನ್‌ನಿಂದ ಆದದ್ದು ಎಂದು ನಾನು ಶುರು ಮಾಡಿದ್ದೆ, ಅಷ್ಟರಲ್ಲಿ ಮೈನುದ್ದೀನ್ ಸ್ಪೀಕರನ್ನು ತನ್ನ ಕಡೆ ಎಳೆದುಕೊಂಡು, ತೆಗೆದವನು ನಾನು ಎಂದ. ಸಾಫ್ ಎಂಬ ಮಾತು ನಮ್ಮಲ್ಲಿ ಯಾವ ಯಾವ ಅರ್ಥಕ್ಕೆ ಓಡಾಡುತ್ತದೆ ಎಂದು ನಾನು ಬಿಡಿಸಿ ಹೇಳಿದೆ. ಇಂಗ್ರಿಡ್ ನಡುವೆ ಬಾಯಿ ಹಾಕದೆ ಕೇಳಿದರು. ತಾವು ಕ್ಲೀನ್ ಎಂದು ಬರೆದದ್ದೂ ಸರಿಯಿರಲಿಲ್ಲ, ಇನ್ನು ಮುಂದೆ ಓದಲು ಬರುವಂತಿರಬೇಕು ಎಂದು ಬರೆಯುತ್ತೇವೆ ಎಂದರು. ನಾವಾಗಿಯೇ ಹೇಳಿದ್ದರಿಂದ ಒಪ್ಪಂದವನ್ನು ಮುರಿಯುವುದಿಲ್ಲ ಎಂದೂ ಹೇಳಿದರು. ಪ್ರಸಾದ್ ಬಿಟ್ಟ ಉಸಿರು ಸ್ಪೀಕರಿನಲ್ಲಿ ಆ ಕಡೆಗೂ ಕೇಳಿಸಿರಬೇಕು. ಬ್ರೇಕಿನ ಚಿತ್ರವನ್ನು ಮೊದಲು ತೆಗೆದವರೇ ಮತ್ತೆ ತೆಗೆಯಲಿ, ಅವರು ಇನ್ನೆಂದೂ ಆ ತಪ್ಪು ಮಾಡುವುದಿಲ್ಲ ಎಂಬುದು ಅವರ ಕೊನೆಯ ಮಾತು.

ಫೋನು ಇಡುವ ಮೊದಲು ಮೈನುದ್ದೀನ್ ಒಂದು ಪ್ರಶ್ನೆ ಕೇಳಿದ. ಆ ಮೆಕ್ಯಾನಿಕ್‌ನ ಹೆಸರೇನು ಎಂದು. ಇಂಗ್ರಿಡ್‌ಗೆ ಗೊತ್ತಿರಲಿಲ್ಲ. ತಡೆಯಿರಿ ಎಂದು ಎದ್ದು ಹೋದರು, ಯಾರನ್ನೋ ಕೇಳಿಕೊಂಡು ಬಂದು ಹೇಳಿದರು. ಯೋನಾಸ್. ಮೈನುದ್ದೀನ್ ಅದನ್ನು ಎರಡು ಸಲ ತುಟಿಯಲ್ಲೇ ಹೇಳಿಕೊಂಡ.

ಅವನು ಖಾಯಂ ಆದ. ಅವನಿಗೆ ಹೆಣ್ಣು ಮಗುವಾಯಿತು. ಆ ಗ್ರಾಹಕರ ಕೆಲಸ ನಮ್ಮಲ್ಲಿ ವರ್ಷಗಟ್ಟಲೆ ನಡೆಯಿತು. ಸಾಫ್ಟ್‌ವೇರ್ ಬದಲಾಯಿತು, ಮೂರು ಆಯಾಮದ ಮಾದರಿಗಳು ಬಂದವು, ನಾನು ಕಷ್ಟಪಟ್ಟು ಕಲಿತ ಅರ್ಧ ವಿದ್ಯೆಯನ್ನು ಈಗ ಯಂತ್ರವೇ ಮಾಡುತ್ತದೆ. ಮಾಡಲಿ, ಒಳ್ಳೆಯದೇ. ಏನನ್ನು ತೆಗೆಯಬೇಕು, ಏನನ್ನು ಉಳಿಸಬೇಕು ಎಂಬುದನ್ನು ಈಗಲೂ ಯಾರಾದರೂ ಕೂತು ನೋಡಲೇಬೇಕು. ತಂಗಿಯ ಸೊಸೆಗೆ ನಾನು ಹೇಳಬೇಕೆಂದಿದ್ದದ್ದು ಇಷ್ಟೇ.

ನನ್ನ ನೌಕರಿಯ ಕೊನೆಯ ವಾರದಲ್ಲಿ ಸೆಕ್ಷನ್‌ಗೆ ಒಬ್ಬಳು ಹೊಸ ಇಂಜಿನಿಯರ್ ಸೇರಿದಳು. ಬೀದರಿನವಳು, ಬಹಳ ಜಾಣೆ. ಆಗ ಸೆಕ್ಷನ್ ಮೈನುದ್ದೀನನ ಕೈಯಲ್ಲಿತ್ತು. ಅವಳು ಒಂದು ನಕ್ಷೆ ತೆರೆದು ಲೇಯರುಗಳ ಹೆಸರು ಓದುತ್ತ ಹೋದಳು. ಹೊರಗೆರೆ, ಅಳತೆ, ಟಿಪ್ಪಣಿ ಎಲ್ಲ ಅವಳಿಗೆ ತಿಳಿದವು. ಒಂದರ ಹತ್ತಿರ ನಿಂತಳು. ಅದರ ಹೆಸರು ಯೋನಾಸ್ ಎಂದಿತ್ತು. ಬೇರೆ ನಕ್ಷೆ ತೆರೆದಳು, ಅದರಲ್ಲೂ ಇತ್ತು. ಸೆಕ್ಷನ್‌ನಿಂದ ಹೊರಹೋದ ಪ್ರತಿ ನಕ್ಷೆಯಲ್ಲೂ ತುಂಡುಗೆರೆಗಳ ಹಾಳೆಗೆ ಮೈನುದ್ದೀನ್ ಅದೇ ಹೆಸರಿಟ್ಟಿದ್ದ. ನಾನು ಅದನ್ನು ವರ್ಷಗಳಿಂದ ನೋಡುತ್ತಿದ್ದೆ, ಅವನೂ ನಾನೂ ಅದರ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ. ಇದು ಯಾವುದೋ ಜರ್ಮನ್ ಮಾನದಂಡದ ಹೆಸರಿರಬೇಕು ಎಂದು ಅವಳು ನನಗೆ ಹೇಳಿದಳು. ಚಿತ್ರ ಕುಗ್ಗಿಸಿದರೆ ಇದು ಸ್ವಲ್ಪ ಗಲೀಜು ಕಾಣುತ್ತದೆ, ಆಫ್ ಮಾಡಲೇ ಎಂದು ಕೇಳಿದಳು.

ನಾನು ಉತ್ತರ ಕೊಡುವ ಮೊದಲೇ ಕೋಣೆಯ ಆ ತುದಿಯಿಂದ ಮೈನುದ್ದೀನ್, ತನ್ನ ತೆರೆಯಿಂದ ಕಣ್ಣು ಕೀಳದೆ ಹೇಳಿದ:

“ಅವ ಒಬ್ಬ ಮನಷ್ಯಾ ಅದಾನವ್ವಾ. ಆಫ್ ಮಾಡಬ್ಯಾಡ.”